ಕಪ್ ಬೋರಲಿದ್ದರೆ ಚಹಾ

ಕ್ಯಾನ್ಸಸ್‌ನ ನಮ್ಮ ಹೊಲಮನೆಯಿಂದ ನಾನು ಪೆಟ್ಟಿಗೆ ಹಿಡಿದು ಹೊರಟ ದಿನ ಅಮ್ಮ ಮಾತು ಬಿಟ್ಟಳು. ಹೋಟೆಲಿನಲ್ಲಿ ಬಡಿಸುವ ಹೆಣ್ಣುಮಕ್ಕಳ ಬಗ್ಗೆ ಊರಿನವರ ಬಾಯಿ ಒಳ್ಳೆಯದಿರಲಿಲ್ಲ. ಆದರೆ ರೈಲುಹಾದಿಯುದ್ದಕ್ಕೂ ಊಟದ ಹೋಟೆಲು ನಡೆಸುತ್ತಿದ್ದ ಫ್ರೆಡ್ ಹಾರ್ವೆಯವರ ಜಾಹೀರಾತು ಕೇಳಿದ್ದೇ 18ರಿಂದ 30ರೊಳಗಿನ, ನಡತೆ ಚೆನ್ನಾಗಿರುವ ಹುಡುಗಿಯರನ್ನು. ತಿಂಗಳಿಗೆ 17.50 ಡಾಲರ್, ಮೇಲೆ ಊಟ, ವಸತಿ, ಟಿಪ್ಸ್. ಮೆಕ್ಕೆಜೋಳ ಮಾರಿ, ಸಾಲ ತೀರಿಸಿದ ಮೇಲೆ ಅಪ್ಪನ ಕೈಯಲ್ಲಿ ಅಷ್ಟೂ ಉಳಿಯುತ್ತಿರಲಿಲ್ಲ. ಕರಾರು ಮುಗಿಯುವ ತನಕ ಮದುವೆಯಾಗುವುದಿಲ್ಲ ಎಂದು ಸಹಿ ಹಾಕಿದೆ. ಅದೇನೂ ಕಷ್ಟವೆನಿಸಲಿಲ್ಲ.

1899ರಲ್ಲಿ ನನ್ನನ್ನು ನ್ಯೂ ಮೆಕ್ಸಿಕೋದ ಲಾಸ್ ವೇಗಸ್‌ಗೆ, ಸಾಂಟಾ ಫೆ ರೈಲುಹಾದಿಗೆ ಅಂಟಿಕೊಂಡೇ ಇದ್ದ ಕಾಸ್ಟನ್ಯೇಡಾ ಹೋಟೆಲಿಗೆ ಕಳಿಸಿದರು. ಕರಿಯ ಉಡುಪು, ಗಂಜಿ ಹಾಕಿದ ಬಿಳಿ ಏಪ್ರನ್, ಮುಖಕ್ಕೆ ಬಣ್ಣ ಕೂಡದು, ರಾತ್ರಿ ಹತ್ತಕ್ಕೆ ವಸತಿಗೃಹದ ಬಾಗಿಲು ಭದ್ರ.

ರೈಲು ನಿಲ್ಲುವುದು ಹೆಚ್ಚೆಂದರೆ ಅರ್ಧ ಗಂಟೆ. ಊಟಕ್ಕೆ ಎಷ್ಟು ಜನ ಎಂದು ಮೊದಲೇ ತಂತಿ ಬರುತ್ತಿತ್ತು. ಹಾಗಾಗಿ ದೂರದಲ್ಲಿ ಸಿಳ್ಳೆ ಕೇಳಿಸುವಷ್ಟರಲ್ಲಿ ನಮ್ಮ ಓಡಾಟವೆಲ್ಲ ಮುಗಿದಿರಬೇಕು. ಜನ ಒಳಗೆ ಬಂದ ಮೇಲೆ ಓಡುವಂತಿಲ್ಲ.

ಓಡದೆ ನಿಭಾಯಿಸಿದ್ದು ಕಪ್ಪಿನ ಭಾಷೆಯಿಂದ. ಒಬ್ಬಳು ಕುಡಿಯಲು ಏನು ಬೇಕೆಂದು ಕೇಳಿ ಕಪ್ಪನ್ನು ಅದಕ್ಕೆ ತಕ್ಕಂತೆ ಇಟ್ಟು ಮುಂದೆ ಹೋಗುತ್ತಾಳೆ. ನೆಟ್ಟಗಿದ್ದರೆ ಕಾಫಿ. ಬೋರಲಿದ್ದರೆ ಬಿಸಿ ಚಹಾ. ಬೋರಲು ಕಪ್ ಸಾಸರಿಗೆ ಒರಗಿದ್ದರೆ ಐಸ್ ಹಾಕಿದ ಚಹಾ. ಸಾಸರು ಬಿಟ್ಟು ಪಕ್ಕದಲ್ಲಿ ಬೋರಲಾಗಿದ್ದರೆ ಹಾಲು. ಹಿಂದೆ ಬರುವವಳು ಬಾಯಿ ತೆರೆಯದೆ ಸುರಿಯುತ್ತಾಳೆ. ಗಿರಾಕಿಗಳು ಇದನ್ನು ಮಂತ್ರವೆಂದೇ ತಿಳಿದಿದ್ದರು.

ಒಮ್ಮೆ ಮಂತ್ರ ಕೆಟ್ಟಿತು. ಭಾರೀ ಮೀಸೆಯ ದನದ ವ್ಯಾಪಾರಿಯೊಬ್ಬ ಬಂದ. ಕೋಟಿಲ್ಲದ ಗಂಡಸರಿಗೆ ಊಟದ ಕೋಣೆಯಲ್ಲಿ ಜಾಗವಿರಲಿಲ್ಲ, ಅದಕ್ಕೆಂದೇ ಇಟ್ಟಿದ್ದ ಆಲ್ಪಾಕಾ ಉಣ್ಣೆಯ ಕೋಟನ್ನು ಅವನಿಗೆ ತೊಡಿಸಿದ್ದೆವು. ತೋಳು ಮೊಣಕೈ ದಾಟಿರಲಿಲ್ಲ. ಪಕ್ಕದಲ್ಲಿದ್ದ ಪುಟ್ಟ ಹುಡುಗ ಆಟಕ್ಕೆಂದು ಅವನ ಕಪ್ ಎತ್ತಿ ಪಕ್ಕಕ್ಕೆ ಬೋರಲಿಟ್ಟಿದ್ದಾನೆ. ನಾನು ನೋಡಲೂ ಇಲ್ಲ, ಕೇಳಲೂ ಇಲ್ಲ, ಹಾಲು ಸುರಿದೆ. ಅವನು ಕಪ್ಪನ್ನು ನೋಡಿದ, ನನ್ನನ್ನು ನೋಡಿದ, ಗಡಿಯಾರ ನೋಡಿದ. ಗಟಗಟನೆ ಕುಡಿದು, ಬಿಳಿಯಾದ ಮೀಸೆ ಒರೆಸಿಕೊಳ್ಳದೆಯೇ ರೈಲು ಹತ್ತಿದ.

ಮನೆಗೆ ಪ್ರತಿ ತಿಂಗಳು ದುಡ್ಡು ಕಳಿಸಿದೆ, ಉತ್ತರವಿಲ್ಲ. ನಮ್ಮ ಹೋಟೆಲಿನಲ್ಲಿ ಒಂದು ಪೈಯನ್ನು, ಅಂದರೆ ಹೂರಣ ತುಂಬಿ ಬೇಯಿಸಿದ ಆ ದುಂಡನೆಯ ತಿಂಡಿಯನ್ನು, ನಾಲ್ಕೇ ಹೋಳು ಮಾಡುತ್ತಾರೆ ಎಂದು ಒಮ್ಮೆ ಬರೆದೆ. ಎಂಟು ಹೋಳಿಗಿಂತ ಕಡಿಮೆ ಮಾಡಿ ಗೊತ್ತಿಲ್ಲದ ಅಮ್ಮನ ಮೊದಲ ಕಾಗದ ಆ ವಾರವೇ ಬಂತು. ಒಂದೇ ಸಾಲು: "ನಾಲ್ಕೇ? ಇದೆಂಥ ದುಂದು!"