ಹಸಿರು ಪಾರಿವಾಳ ಬೇಕಾದರೆ ಮರದ ಲೆಕ್ಕ ಇಡಿ

ಧಾರವಾಡದಲ್ಲೇ ಹಳದಿ ಕಾಲಿನ ಹಸಿರು ಪಾರಿವಾಳದ ಒಳ್ಳೆ ಫೋಟೊ ಸಿಗುತ್ತದೆ ಅಂದಾಗ ಗೆಳೆಯರು ನಂಬಿರಲಿಲ್ಲ. "ದಾಂಡೇಲಿಗೆ ಹೋಗ್ರಿ, ಇಲ್ಲಿ ಎಲಿ ಬಿಟ್ರ ಏನೂ ಕಾಣಂಗಿಲ್ಲ" ಅನ್ನುತ್ತಿದ್ದರು. ಈಗ ಅವರೇ ಫೋನ್ ಮಾಡಿ ಯಾವ ಮರ ಅಂತ ಕೇಳುತ್ತಾರೆ.

ಮೊದಲು ನಾನೂ ಎಲ್ಲರ ಹಾಗೆ ಹಕ್ಕಿಯ ಹಿಂದೆ ಓಡಾಡಿದೆ. ಕೆಲಗೇರಿ ಕೆರೆ ದಂಡೆ, ವಿಶ್ವವಿದ್ಯಾಲಯದ ಆವರಣ, ಎಲ್ಲಾ ಆಯಿತು. ಸಿಳ್ಳೆಯಂಥ ಕೂಗು ಕೇಳುತ್ತಿತ್ತು, ಹಕ್ಕಿ ಕಾಣುತ್ತಿರಲಿಲ್ಲ. ಆಲದೊಳಗೆ ಇಪ್ಪತ್ತು ಕೂತಿದ್ದರೂ ಅಲುಗಾಡುವ ತನಕ ಒಂದೂ ಗೊತ್ತಾಗುವುದಿಲ್ಲ, ಅಲ್ವಾ? ಕೆಳಗಿನಿಂದ ಕ್ಲಿಕ್ಕಿಸಿದರೆ ಬಿಳಿ ಆಕಾಶ, ಕಪ್ಪು ಹೊಟ್ಟೆ. ಸೆಕೆಂಡ್ ಹ್ಯಾಂಡ್ 400 ಎಂಎಂ ಲೆನ್ಸಿಗೆ ಸುಮಾರು 60 ಸಾವಿರ ಹೋಗಿತ್ತು. ದಾಂಡೇಲಿಯ ರೂಮು, ಪೆಟ್ರೋಲು ಸೇರಿ ಇನ್ನೊಂದು 20 ಸಾವಿರ. ಕೈಗೆ ಬಂದಿದ್ದು ಬರೀ ಬಾಲ.

ಆಮೇಲೆ ಹಕ್ಕಿ ಬಿಟ್ಟು ಮರ ಹಿಡಿದೆ. ಊರಿನ ಆಲಗಳೆಲ್ಲ ಒಂದೇ ಸಲ ಹಣ್ಣಾಗುವುದಿಲ್ಲ, ಒಂದೊಂದು ಮರದ ಸಮಯ ಬೇರೆ. ಆದರೆ ಒಂದು ಮರ ಹಣ್ಣಾಯಿತೆಂದರೆ ಕೆಲವು ದಿನ ಹಬ್ಬ, ಗುಂಪು ಅಲ್ಲೇ ಇರುತ್ತದೆ. ಆಲ, ಅರಳಿ, ಬಸರಿ, ಅತ್ತಿ ಸೇರಿ ನಲವತ್ತರಷ್ಟು ಮರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹಾಲು ತರಲು ಹೋದಾಗಲೂ ಕಾಯಿ ನೋಡುತ್ತಿದ್ದೆ. ಕಾಯಿ ನೋಡಿ ಹಣ್ಣಾಗುವ ವಾರವನ್ನು ಹೇಗೆ ಹೇಳುತ್ತೇನೆ ಅನ್ನೋದನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಮರದ ಎದುರು ಪೂರ್ವಕ್ಕೆ ಎರಡಂತಸ್ತಿನ ಮನೆ ಇದ್ದರೆ ಗೆದ್ದಿರಿ. ಮಾಳಿಗೆ ಬಳಸಲು ಒಬ್ಬರಿಗೆ ತಿಂಗಳಿಗೆ 500 ರೂಪಾಯಿ ಕೊಟ್ಟೆ. ಲೆನ್ಸಿಗಿಂತ ಅದೇ ಸಾರ್ಥಕ ಖರ್ಚು. ಚಳಿಗಾಲದ ಬೆಳಿಗ್ಗೆ ಇವು ತಿನ್ನುವ ಮೊದಲು ತುದಿಯ ಬೋಳು ಕೊಂಬೆಗೆ ಬಂದು ಬಿಸಿಲು ಕಾಯುತ್ತವೆ. ಸೂರ್ಯ ನಿಮ್ಮ ಬೆನ್ನಿಗೆ, ಹಕ್ಕಿ ಕಣ್ಣಿನ ಮಟ್ಟಕ್ಕೆ. ಬೂದು ತಲೆ, ಭುಜದ ನೇರಳೆ ಮಚ್ಚೆ, ಅರಿಶಿನದಂಥ ಕಾಲು, ಕಣ್ಣಿನ ನೀಲಿ ಮತ್ತು ಗುಲಾಬಿ ಬಳೆ, ಎಲ್ಲವೂ ಸ್ಪಷ್ಟ. ಉತ್ತರ ಭಾರತದ ಫೋಟೊಗಳಲ್ಲಿ ಹೊಟ್ಟೆ ಬೂದು, ನಮ್ಮಲ್ಲಿ ಹೊಟ್ಟೆಯೂ ಹಳದಿ-ಹಸಿರು. ಹೋಲಿಸಿ ನೋಡಿ. ನನ್ನ ಒಂದು ಫ್ರೇಮಿನಲ್ಲಿ ಒಂಬತ್ತು ಹಕ್ಕಿಗಳಿವೆ. ಈ ಊರಲ್ಲಿ ಅಂಥದ್ದು ಬೇರೆಯವರ ಹತ್ತಿರ ನಾನು ನೋಡಿಲ್ಲ.

ನಡುವೆ ಮಾಳಿಗೆ ಮೇಲೆ ಪಪ್ಪಾಯಿ, ಬಾಳೆಹಣ್ಣು ಇಟ್ಟು ನೋಡಿದೆ. ಪಿಕಳಾರ ಬಂದವು, ಅಳಿಲು ಬಂತು, ಇವು ತಿರುಗಿಯೂ ನೋಡಲಿಲ್ಲ. ಒಳಗಿನ ಬೀಜ ಮೊಳೆಯುತ್ತದಾ ನೋಡೋಣ ಅಂತ ಎರಡರ ಹಿಕ್ಕೆಯನ್ನೂ ಕೂಡಿಸಿ ಕುಂಡದಲ್ಲಿ ಹಾಕಿದ್ದೆ. ಪಿಕಳಾರದ್ದು ಮೊಳೆಯಿತು, ಇವುಗಳದ್ದು ಒಂದೂ ಇಲ್ಲ. ಹಸಿರು ಪಾರಿವಾಳಗಳು ಸಣ್ಣ ಕಲ್ಲಿನ ಹರಳು ನುಂಗಿ ಹೊಟ್ಟೆಯಲ್ಲೇ ಬೀಜವನ್ನೂ ಅರೆದುಬಿಡುತ್ತವೆ. ಹಣ್ಣು ತಿನ್ನುವ ಹಕ್ಕಿಯೆಲ್ಲಾ ಕಾಡು ಬಿತ್ತುತ್ತದೆ ಅನ್ನುವವರು ಇದನ್ನು ಗಮನಿಸಬೇಕು.

ಮರದ ಜಾಗ ಮಾತ್ರ ಕೇಳಬೇಡಿ. ಮಾರ್ಚ್‌ನಿಂದ ಜೂನ್‌ವರೆಗೆ ಗೂಡಿನ ಕಾಲ. ನಾಲ್ಕು ಕಡ್ಡಿಯ ಗೂಡು, ಎರಡು ಮೊಟ್ಟೆ. ಜನ ಜಾಸ್ತಿ ಆದರೆ ಬಿಟ್ಟು ಹೋಗುತ್ತವೆ. ನಿಮ್ಮ ಓಣಿಯ ಬಸರಿಯಿಂದಲೇ ನೋಟ್‌ಬುಕ್ ಶುರು ಮಾಡಿ.