ಬಿಗಿದ ಕಿಟಕಿಗೆ ಮಳೆಗಾಲದಲ್ಲಿ ಕೀಸುಳಿ ಹಾಕಬೇಡಿ

ಆಷಾಢದ ಮಳೆ ಹಿಡಿಯುತ್ತಿದ್ದಂತೆ ಮಲೆನಾಡಿನ ಹಳೇ ಮನೆಗಳಲ್ಲಿ ಕಿಟಕಿಯ ಬಾಗಿಲು ಬಿಗಿಯುತ್ತದೆ. ಮನೆಯವರು ಆಗಲೇ ಬಡಗಿಯನ್ನು ಕರೆಸಿ ಅಂಚು ಕೀಸಿಸುತ್ತಾರೆ. ನೀರು ಕುಡಿದ ಮರ ಉಬ್ಬುವುದು ಅಗಲಕ್ಕೆ. ಬೇಸಿಗೆಯಲ್ಲಿ ಅದು ಕುಗ್ಗಿದಾಗ ಪೆನ್ಸಿಲ್ ತೂರುವಷ್ಟು ಸಂದಿ ಬೀಳುತ್ತದೆ. ನಮ್ಮ ಅಜ್ಜಿ ಮನೆಯ ಹಲಸಿನ ಮರದ ಕಿಟಕಿಗಳು ಹೀಗೇ ಹಾಳಾದವು. ಕೊನೆಗೆ ಕಿತ್ತು ಅಲ್ಯೂಮಿನಿಯಂ ಕೂರಿಸಿದರು. ಅಂಥ ಬಲಿತ ಮರ ಇವತ್ತು ಕೊಳ್ಳಲು ಹೋದರೆ ಕೈಗೆಟುಕುವುದಿಲ್ಲ.

ಈ ಕೆಲಸ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮಾಡಿ. ಮೊದಲು ಕೀಲು ನೋಡಿ. ಬಾಗಿಲನ್ನು ಅರ್ಧ ತೆರೆದು ಮೇಲಕ್ಕೆ ಎತ್ತಿದಾಗ ಅಲ್ಲಾಡಿದರೆ ತಪ್ಪು ಮರದ್ದಲ್ಲ, ಸ್ಕ್ರೂ ಸಡಿಲವಾಗಿ ಬಾಗಿಲು ಜಗ್ಗಿದೆ. ಸ್ಕ್ರೂ ಬಿಚ್ಚಿ, ತೂತಿಗೆ ಅಂಟು ಸವರಿದ ಬಿದಿರಿನ ಕಡ್ಡಿ ಬಡಿದು, ಒಂದು ರಾತ್ರಿ ಬಿಟ್ಟು ಅದೇ ಸ್ಕ್ರೂ ತಿರುಗಿಸಿ. ಉದ್ದನೆಯ ಹೊಸ ಸ್ಕ್ರೂವನ್ನು ಸುತ್ತಿಗೆಯಿಂದ ಹೊಡೆದು ಕೂರಿಸುವವರಿದ್ದಾರೆ, ಒಪ್ಪಬೇಡಿ. ಮರ ಸೀಳುತ್ತದೆ.

ಕೀಲು ಗಟ್ಟಿಯಾದ ಮೇಲೂ ಉಜ್ಜುತ್ತಿದ್ದರೆ ಚೌಕಟ್ಟಿನ ಒಳ ಅಂಚಿಗೆಲ್ಲ ಸೀಮೆಸುಣ್ಣ ತಿಕ್ಕಿ, ಬಾಗಿಲು ಹಾಕಿ ತೆಗೆಯಿರಿ. ಬಾಗಿಲಿಗೆ ಬಿಳಿ ಹತ್ತಿದ ಕಡೆ ಮಾತ್ರ ಕೀಸಿ. ಎರಡು ಸಲ ಕೀಸುಳಿ ಎಳೆದು ಮತ್ತೆ ಸೀಮೆಸುಣ್ಣ ತಿಕ್ಕಿ ನೋಡಿ. ಸುತ್ತಲೂ 2 ಮಿ.ಮೀ. ಸಂದಿ ಸಿಕ್ಕಿದರೆ ನಿಲ್ಲಿಸಿ. ಮೂಲೆಯ ಹತ್ತಿರ ಕೀಸುಳಿಯನ್ನು ಹೊರಗಿನಿಂದ ಒಳಕ್ಕೆ ಎಳೆಯಿರಿ, ಇಲ್ಲದಿದ್ದರೆ ಸಿಬಿರು ಏಳುತ್ತದೆ.

ಇನ್ನು ಬಾಗಿಲಿನ ತಳ. ಹೊರಗೆ ಎಷ್ಟೇ ಚೆಂದ ಬಣ್ಣ ಹೊಡೆದಿರಲಿ, ತಳಕ್ಕೆ ಕೈ ಹಾಕಿದರೆ ಬರೀ ಮರ ಸಿಗುತ್ತದೆ. ಯಾರ ಕಣ್ಣಿಗೂ ಬೀಳದ ಜಾಗವೆಂದು ಪೇಂಟರ್ ಬಿಟ್ಟಿರುತ್ತಾರೆ. ನಿಲುವು ಪಟ್ಟಿಗಳ ಕತ್ತರಿಸಿದ ತುದಿ ಅಲ್ಲಿದೆ, ನೀರು ಹೀರುವುದು ಅಲ್ಲಿಂದಲೇ. ಬಾಗಿಲು ಕಳಚಿ, ತಳಕ್ಕೆ ಪ್ರೈಮರ್ ಎರಡು ಸಲ, ಎನಾಮೆಲ್ ಎರಡು ಸಲ ಕುಡಿಸಿ. ಮೊಳೆ ಚುಚ್ಚಿದರೆ ಸಲೀಸಾಗಿ ಇಳಿಯುವಷ್ಟು ಕುಂಬಾಗಿದ್ದರೆ ಗಟ್ಟಿ ಮರ ಸಿಗುವ ತನಕ ಓರೆಯಾಗಿ ಕೊಯ್ದು, ಅದೇ ಜಾತಿಯ ಹಳೇ ಮರದ ತುಂಡು ಬೆಸೆಯಿಸಿ. ಮರದ ಹೊಟ್ಟು, ಬಿಳಿ ಅಂಟು ಕಲಸಿ ತುಂಬುವುದು ಒಂದೇ ಮಳೆಗೆ ಕರಗಿ ಬರುತ್ತದೆ.

ಹಳೇ ಬಣ್ಣವನ್ನು ಒಣ ಉಪ್ಪುಕಾಗದದಿಂದ ಉಜ್ಜಬೇಡಿ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಧೂಳು ಮಕ್ಕಳಿರುವ ಮನೆಯಲ್ಲಿ ಹಾರಬಾರದು. ನೀರು ಕಾಗದ, ಅಂದರೆ ನೀರಿಗೆ ತಾಳುವ ಉಪ್ಪುಕಾಗದ ತಂದು ಒದ್ದೆ ಮಾಡಿ ಉಜ್ಜಿ, ಕೆಸರನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಸರಳಿನ ತುಕ್ಕು ಕೆರೆದು ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ.

ಗಾಜು ಹಿಡಿಸಲು ಚಾಕ್ ಪುಡಿ, ಅಗಸೆ ಎಣ್ಣೆಯ ಪುಟ್ಟಿಯೇ ಆಗಬೇಕು. ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಗಾಜು ಕೂರುವ ಮರದ ತೋಡಿಗೆ ಮೊದಲೇ ಪ್ರೈಮರ್ ಹಚ್ಚದಿದ್ದರೆ ಮರ ಎಣ್ಣೆ ಹೀರಿ ಪುಟ್ಟಿ ಬಿರಿಯುತ್ತದೆ. ಮೇಲ್ಪದರ ಗಟ್ಟಿಯಾಗಲು ಒಂದೆರಡು ವಾರ ಬಿಟ್ಟು ಬಣ್ಣ ಹೊಡೆಯಿರಿ. ಕುಂಚ ಗಾಜಿನ ಮೇಲೂ 2 ಮಿ.ಮೀ. ಹತ್ತಲಿ, ಗಾಜು ಮತ್ತು ಪುಟ್ಟಿಯ ನಡುವೆ ಮಳೆನೀರು ಇಳಿಯದಂತೆ ತಡೆಯುವುದು ಆ ಗೆರೆಯೇ.