ಗಲ್ಲಾ ಬೇರೆ, ಮನೆ ಖರ್ಚಿನ ಡಬ್ಬಿ ಬೇರೆ

ಮನೆಯವರೇ ಸೇರಿ ನಡೆಸುವ ಅಂಗಡಿಯಲ್ಲಿ ಮೊದಲು ಕೆಡುವುದು ಗಲ್ಲಾದ ಲೆಕ್ಕ. ಮನೆಯ ಕರೆಂಟ್ ಬಿಲ್ಲಿಗೆ ಅಂತ ಒಬ್ಬರು, ಮಕ್ಕಳ ಫೀಸಿಗೆ ಅಂತ ಇನ್ನೊಬ್ಬರು, ಬಸ್ಸಿಗೆ ಚಿಲ್ಲರೆ ಬೇಕು ಅಂತ ಮತ್ತೊಬ್ಬರು ಕೈಹಾಕುತ್ತಾರೆ. ಯಾರೂ ಕದಿಯುತ್ತಿಲ್ಲ. ಆದರೂ ಸಗಟು ವ್ಯಾಪಾರಿಗೆ ಕೊಡುವ ದಿನ ಬಂದಾಗ ಪೆಟ್ಟಿಗೆ ಖಾಲಿ. ನಮ್ಮದು ನೋಟ್‌ಬುಕ್ಕು, ಪೆನ್ನು, ಸೋಪು, ಬಲ್ಬು ಇಂಥ ದಿನಬಳಕೆ ಸಾಮಾನಿನ ಅಂಗಡಿ. ಸಂಬಳದ ಆಳಿಲ್ಲ, ಕೂರುವವರು ಮನೆಯವರೇ. ರ‍್ಯಾಕು ಹೇಗಿರಬೇಕು, ಬೋರ್ಡು ಎಲ್ಲಿರಬೇಕು ಎಂದು ಹೇಳಲು ಬೇಕಾದಷ್ಟು ಜನ ಸಿಗುತ್ತಾರೆ. ಮನೆ ಮತ್ತು ಅಂಗಡಿ ಎರಡನ್ನೂ ದಿನದಿನ ತೂಗಿಸಲು ನಾವು ಮಾಡಿಕೊಂಡ ಕ್ರಮವನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಮನೆಗೆ ದುಡ್ಡು ಹೋಗುವುದು ವಾರಕ್ಕೆ ಒಂದೇ ಸಲ, ಗೊತ್ತಾದ ದಿನ, ಗೊತ್ತಾದ ಮೊತ್ತ. ಅದು ಮನೆಯ ಡಬ್ಬಿ ಸೇರಿದ ಮೇಲೆ ಆ ವಾರ ಗಲ್ಲಾ ಮುಟ್ಟುವಂತಿಲ್ಲ. ಆರಂಭದ ತಿಂಗಳುಗಳಲ್ಲಿ ಆ ಮೊತ್ತ ಸೊನ್ನೆ. ಹಾಗಾಗಿ ಬಂಡವಾಳವನ್ನು ಬಿಟ್ಟು, ಆರು ತಿಂಗಳ ಮನೆ ಖರ್ಚು ಬೇರೆಯಾಗಿ ಕೈಯಲ್ಲಿರಬೇಕು. ಅಷ್ಟಿಲ್ಲದಿದ್ದರೆ ಮನೆಯಲ್ಲಿ ಒಬ್ಬರು ಹೊರಗಿನ ದುಡಿಮೆ ಬಿಡದಿರುವುದೇ ಕ್ಷೇಮ. ಇದರಲ್ಲಿ ರಾಜಿ ಮಾಡಿಕೊಂಡರೆ ಮುಂದಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಮೊತ್ತ ಗೊತ್ತುಮಾಡುವುದು ಹೇಗೆ? ಗಲ್ಲಾಕ್ಕೆ ಬಿದ್ದದ್ದೆಲ್ಲ ಸಂಪಾದನೆಯಲ್ಲ. 100ಕ್ಕೆ ತಂದದ್ದನ್ನು 125ಕ್ಕೆ ಮಾರಿದರೆ, 100 ಮತ್ತೆ ಸರಕಾಗಿ ಬರಬೇಕಾದ ದುಡ್ಡು. ಉಳಿದ 25ರಲ್ಲಿ ಬಾಡಿಗೆ, ಕರೆಂಟು, ಸಾಗಣೆ, ಒಡೆದುಹೋದ ಸಾಮಾನು ಎಲ್ಲ ಕಳೆದು ಮಿಕ್ಕಿದ್ದು ಮನೆಗೆ. ಬಹಳ ಜನ ಎಡವುವುದು ಶೇಕಡಾ ಲೆಕ್ಕದಲ್ಲಿ. ಈ 25 ಅಸಲಿನ ಮೇಲೆ ಶೇ 25, ಮಾರಿದ ಬೆಲೆಯ ಮೇಲೆ ಶೇ 20. ದಿನದ ವ್ಯಾಪಾರ ನೋಡಿ ಲಾಭ ಅಂದಾಜು ಮಾಡುವಾಗ ಹಿಡಿಯಬೇಕಾದ್ದು ಶೇ 20ನ್ನು. ಉದಾಹರಣೆಗೆ, ಅಂಗಡಿಯ ತಿಂಗಳ ಖರ್ಚು 10,000 ಎಂದುಕೊಳ್ಳಿ. ಕೈಯಿಂದ ಹಾಕದೆ ನಡೆಯಲು 50,000 ವ್ಯಾಪಾರವಾಗಬೇಕು. ಮನೆಗೂ 15,000 ಬರಬೇಕೆಂದರೆ 1,25,000 ಬೇಕು. 26 ದಿನ ಬಾಗಿಲು ತೆರೆದರೆ ದಿನಕ್ಕೆ ಸುಮಾರು 4,800. ಈ ಒಂದು ಅಂಕಿಯನ್ನು ದೊಡ್ಡದಾಗಿ ಬರೆದು ಲೆಕ್ಕದ ಪುಸ್ತಕದ ಒಳರಟ್ಟಿಗೆ ಅಂಟಿಸಿ. ಅಂಗಡಿ ನಡೆಯುತ್ತಿದೆಯೋ ಇಲ್ಲವೋ ಎಂಬ ಮನೆಯ ಚರ್ಚೆ ಅರ್ಧಕ್ಕರ್ಧ ಅಲ್ಲೇ ಮುಗಿಯುತ್ತದೆ.

ರಿಯಾಯಿತಿಯ ಲೆಕ್ಕವೂ ಇದರಲ್ಲೇ ಇದೆ. ಅದೇ 125ರ ವಸ್ತುವಿಗೆ ಶೇ 10 ಬಿಟ್ಟರೆ ಬರುವುದು 112.50. ಲಾಭ 25ರಿಂದ 12.50ಕ್ಕೆ, ಅಂದರೆ ಅರ್ಧಕ್ಕೆ ಇಳಿಯಿತು. ಮೊದಲಿನಷ್ಟೇ ಸಂಪಾದಿಸಲು ಎರಡರಷ್ಟು ಮಾರಬೇಕು. ನೆಂಟರಿಗೂ ಪರಿಚಯದವರಿಗೂ ಅವರವರ ಮುಖ ನೋಡಿ ಬಿಡುವುದು ಈ ಕಾರಣಕ್ಕೇ ದುಬಾರಿ. ನಮ್ಮಲ್ಲಿ ಬೆಲೆಪಟ್ಟಿ ಒಂದೇ. ಅಪ್ಪ ಕೂತಾಗ ಒಂದು ಬೆಲೆ, ಅತ್ತೆ ಕೂತಾಗ ಇನ್ನೊಂದು ಆದರೆ ಗಿರಾಕಿ ಯಾರು ಕೂತಿದ್ದಾರೆ ಎಂದು ದೂರದಿಂದಲೇ ನೋಡಿಕೊಂಡು ಬರುತ್ತಾನೆ.

ಬೆಳಿಗ್ಗೆ ಗಲ್ಲಾದಲ್ಲಿ ಇಡುವ ಚಿಲ್ಲರೆ ದಿನವೂ ಒಂದೇ ಮೊತ್ತವಿರಲಿ, ಸಣ್ಣ ನೋಟು ಮತ್ತು ನಾಣ್ಯಗಳಲ್ಲೇ ಇರಲಿ. ರಾತ್ರಿಯ ಲೆಕ್ಕ ಹೀಗೆ: ಬೆಳಗಿನ ಚಿಲ್ಲರೆ, ಅದಕ್ಕೆ ನಗದು ವ್ಯಾಪಾರ, ವಸೂಲಾದ ಹಳೆ ಬಾಕಿ ಕೂಡಿಸಿ, ಗಲ್ಲಾದಿಂದ ಕೊಟ್ಟ ಖರ್ಚು, ಬ್ಯಾಂಕಿಗೆ ಕಟ್ಟಿದ್ದು, ಮನೆಗೆ ಕೊಟ್ಟದ್ದು ಕಳೆಯಿರಿ. ಬಂದ ಅಂಕಿ ಪೆಟ್ಟಿಗೆಯಲ್ಲಿ ಎಣಿಸಿದ್ದಕ್ಕೆ ಸರಿಹೊಂದಬೇಕು. ಮೊದಲು ಎಣಿಸಿ ಬರೆದುಕೊಳ್ಳಿ, ಆಮೇಲೆ ಪುಸ್ತಕ ತೆರೆಯಿರಿ. ಬರಬೇಕಾದ ಅಂಕಿ ತಲೆಯಲ್ಲಿದ್ದರೆ ಕೈ ತಾನಾಗಿಯೇ ಅಷ್ಟಕ್ಕೆ ಎಣಿಸುತ್ತದೆ.

ತಾಳೆಯಾಗದಿದ್ದರೆ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಿ. ಶೇಷವಿಲ್ಲದೆ ಹೋದರೆ ಯಾವುದೋ ಅಂಕಿ ತಿರುಗಿ ಬಿದ್ದಿರುವ ಸಾಧ್ಯತೆ ಹೆಚ್ಚು. 54ರ ಬದಲು 45 ಬರೆದರೆ ವ್ಯತ್ಯಾಸ 9, 310ರ ಬದಲು 130 ಬರೆದರೆ 180. ವ್ಯತ್ಯಾಸ ಸರಿಸಂಖ್ಯೆಯಾಗಿದ್ದರೆ ಅದರ ಅರ್ಧದಷ್ಟು ಮೊತ್ತವನ್ನು ಹುಡುಕಿ, ಜಮೆಯಾಗಬೇಕಾದ್ದು ಖರ್ಚಿನ ಕಡೆ ಹೋಗಿರಬಹುದು. ಎರಡೂ ಅಲ್ಲದಿದ್ದರೆ ‘ಕಡಿಮೆ ಬಂದದ್ದು’ ಎಂದು ಹಾಗೇ ಬರೆದು ಮಲಗಿ. ಜೇಬಿನಿಂದ ಹಾಕಿ ಸರಿಮಾಡಬೇಡಿ. ತಪ್ಪು ಎಲ್ಲಿ ಮರುಕಳಿಸುತ್ತಿದೆ ಎಂಬುದು ಆ ಕಾಲಂ ನೋಡಿದರೇ ತಿಳಿಯುವುದು.

ಫೋನಿಗೆ ಬರುವ ದುಡ್ಡಿಗೆ ಬೇರೆ ಕಾಲಂ. ಗಿರಾಕಿ ತೋರಿಸುವ ಪರದೆ ರಸೀದಿಯಲ್ಲ, ನಮ್ಮ ಖಾತೆಗೆ ಬಂದ ಸೂಚನೆಯೇ ರಸೀದಿ. ಅಂಗಡಿಯ ಖಾತೆಗೆ ಸೇರಿಸಿದ ಫೋನು ಮನೆಯವರೊಬ್ಬರ ಜೇಬಿನಲ್ಲಿದ್ದು, ಅವರು ಊಟಕ್ಕೆ ಹೋದರೆ, ಕೂತವರಿಗೆ ದುಡ್ಡು ಬಂತೋ ಇಲ್ಲವೋ ಗೊತ್ತಾಗುವುದೇ ಇಲ್ಲ. ಅಗ್ಗದ್ದೇ ಆಗಲಿ, ಅಂಗಡಿ ಬಿಟ್ಟು ಹೋಗದ ಒಂದು ಫೋನು ಇರಲಿ.

ದುಡ್ಡಿಗಿಂತ ಸದ್ದಿಲ್ಲದೆ ಹೋಗುವುದು ಸಾಮಾನು. ಮನೆಗೆ ಸೋಪು ಬೇಕು, ಮಗಳಿಗೆ ಪೆನ್ನು ಬೇಕು, ಅಂಗಡಿ ನಮ್ಮದೇ ತಾನೆ. ತೆಗೆದುಕೊಳ್ಳಬಾರದೆಂದಲ್ಲ, ಬರೆಯದೆ ತೆಗೆದುಕೊಳ್ಳಬಾರದು. ಗಲ್ಲಾದ ಪಕ್ಕ ದಾರ ಕಟ್ಟಿದ ಪೆನ್ಸಿಲ್ಲು, ‘ಮನೆ’ ಎಂದು ಬರೆದ ಸಣ್ಣ ಪುಸ್ತಕ. ಏನು, ಎಷ್ಟು, ಯಾರು ಎಂದಷ್ಟೇ ಬರೆಯುವುದು. ವಾರದ ದುಡ್ಡು ಕೊಡುವಾಗ ಅಷ್ಟನ್ನು ಅಸಲಿನ ಲೆಕ್ಕದಲ್ಲಿ ಮುರಿದುಕೊಳ್ಳುವುದು. ಮಕ್ಕಳು ಇದನ್ನು ದೊಡ್ಡವರಿಗಿಂತ ಚೆನ್ನಾಗಿ ಪಾಲಿಸುತ್ತಾರೆ.

ರ‍್ಯಾಕಿನಲ್ಲಿ ಸಾಮಾನು ಕೆಡುವುದಕ್ಕೂ ಕಾರಣಗಳಿವೆ. ಪೆನ್ಸಿಲ್ ಗುರುತು ಅಳಿಸುವ ಪಿವಿಸಿ (ಒಂದು ಬಗೆಯ ಪ್ಲಾಸ್ಟಿಕ್) ರಬ್ಬರನ್ನು ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲಿಗೆ ತಾಗಿಸಿ ಇಟ್ಟು ನೋಡಿ. ರಬ್ಬರನ್ನು ಮೆತ್ತಗೆ ಇಡಲು ಬೆರೆಸಿದ ಎಣ್ಣೆಯಂಥ ಪದಾರ್ಥ ನಿಧಾನವಾಗಿ ಹೊರಬಂದು ಸ್ಕೇಲನ್ನು ಕರಗಿಸುತ್ತದೆ. ಕೆಲವು ವಾರ ಕಳೆದು ಎತ್ತಿದರೆ ಎರಡೂ ಅಂಟಿಕೊಂಡಿರುತ್ತವೆ, ಕಿತ್ತರೆ ಸ್ಕೇಲಿನ ಮೇಲೆ ರಬ್ಬರಿನ ಆಕಾರದ ಗುಳಿ. ಅದಕ್ಕೇ ರಬ್ಬರಿಗೆ ಕಾಗದದ ತೋಳು ತೊಡಿಸಿರುವುದು. ಅದನ್ನು ತೆಗೆಯದೆ, ರಟ್ಟಿನ ಪೆಟ್ಟಿಗೆಯಲ್ಲೇ ಇಡಬೇಕು. ಬಿಸಿಲು ಬೀಳುವ ಕಡೆ ನೋಟ್‌ಬುಕ್ಕಿನ ರಟ್ಟು ಬಿಳಚಿಕೊಳ್ಳುತ್ತದೆ, ರಬ್ಬರ್ ಬ್ಯಾಂಡು ಪೆಡಸಾಗಿ ಎಳೆದ ಕೂಡಲೇ ತುಂಡಾಗುತ್ತದೆ. ಕಾಗದದ ಸರಕು ನೆಲಕ್ಕೂ ಗೋಡೆಗೂ ತಾಗಬಾರದು. ಕೆಳಗೆ ಹಲಗೆ ಕೊಟ್ಟು ನಾಲ್ಕು ಬೆರಳು ಎತ್ತರಿಸಿದರೆ ಸಾಕು. ಹೊಸದು ಹಿಂದೆ, ಹಳೆಯದು ಮುಂದೆ. ಜೋಡಿಸುವಾಗ ಅವಸರವಿದ್ದವರು ಇದನ್ನೇ ತಿರುಗಾಮುರುಗಾ ಮಾಡುತ್ತಾರೆ. ತಂದ ತಿಂಗಳನ್ನು ಪೊಟ್ಟಣದ ಹಿಂಬದಿ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿಟ್ಟರೆ, ಮೂರು ತಿಂಗಳಿಂದ ಕದಲದ ಸಾಮಾನು ಯಾವುದೆಂದು ಕೈಗೆ ಸಿಗುತ್ತದೆ.

ಖರೀದಿಯ ಬಿಲ್ಲುಗಳದ್ದೂ ಇದೇ ಕತೆ. ಯಂತ್ರದಿಂದ ಬರುವ ನುಣುಪು ಕಾಗದದ ಬಿಲ್ಲು ಶಾಖಕ್ಕೆ ಅಚ್ಚಾಗುವಂಥದ್ದು, ಬಿಸಿಲಿಗೂ ಪ್ಲಾಸ್ಟಿಕ್ ಚೀಲದಲ್ಲೂ ಅಕ್ಷರ ಮಾಸಿಹೋಗುತ್ತದೆ. ಬಂದ ದಿನವೇ ಫೋಟೊ ತೆಗೆದಿಡಿ.

ಯಾವಾಗ ತರಿಸಬೇಕು ಎಂಬುದನ್ನು ಖಾಲಿಯಾದ ಮೇಲೆ ಯೋಚಿಸಬಾರದು. ದಿನಕ್ಕೆ 6 ಹೋಗುತ್ತದೆ, ಹೇಳಿದ ಮೇಲೆ ಬರಲು 4 ದಿನ ಬೇಕು ಎಂದಾದರೆ 24. ತಡವಾದರೆ ಎಂದು ಇನ್ನೆರಡು ದಿನದ್ದು 12. ರ‍್ಯಾಕಿನಲ್ಲಿ 36 ಉಳಿದಾಗಲೇ ಹೇಳಿಕಳಿಸಬೇಕು. ಆ 36ನೆಯದರ ಮೇಲೆ ಒಂದು ಬಣ್ಣದ ಚೀಟಿ ಅಂಟಿಸಿ. ಮನೆಯಲ್ಲಿ ಯಾರು ಕೂತಿದ್ದರೂ ಚೀಟಿ ಕಂಡ ಕೂಡಲೇ ಪಟ್ಟಿಗೆ ಸೇರಿಸುತ್ತಾರೆ, ಲೆಕ್ಕ ಗೊತ್ತಿರಬೇಕೆಂದಿಲ್ಲ.

ಉದ್ರಿ ಕೊಡುವುದೇ ಇಲ್ಲ ಎನ್ನುವುದು ಓಣಿಯ ಅಂಗಡಿಗೆ ಆಗದ ಮಾತು. ಆದರೆ 125ರ ಉದ್ರಿ ಮುಳುಗಿದರೆ ಹೋದದ್ದು 100ರ ಅಸಲು. ಅದನ್ನು ತುಂಬಿಕೊಳ್ಳಲು ಅಂಥದೇ ನಾಲ್ಕು ಮಾರಬೇಕು, ಅದೂ ಬಾಡಿಗೆ ಕರೆಂಟು ಲೆಕ್ಕಕ್ಕೆ ಹಿಡಿಯದೆ. ಉದ್ರಿ ಪುಸ್ತಕದಲ್ಲಿ ಒಂದು ಮನೆಗೆ ಒಂದು ಪುಟ, ಪುಟದ ತಲೆಯಲ್ಲಿ ಉದ್ರಿಯ ಮಿತಿ. ಅವರೆದುರೇ ಬರೆದು, ಒಟ್ಟು ಓದಿ ಹೇಳುವುದು. ಮಿತಿ ದಾಟಿಸುವ ಅಧಿಕಾರ ಮನೆಯಲ್ಲಿ ಒಬ್ಬರಿಗೇ, ಮತ್ತು ಅವರು ಹೆಚ್ಚು ಹೊತ್ತು ಅಂಗಡಿಯಲ್ಲಿ ಕೂರುವವರಾಗಿರಬಾರದು. ಕೂತವರಿಗೆ ‘ಮನೆಯಲ್ಲಿ ಕೇಳಿ ಹೇಳ್ತೀನಿ’ ಎನ್ನಲು ಒಂದು ದಾರಿ ಬೇಕು. ಮಕ್ಕಳು ಕೂತಾಗ ಹೊಸ ಉದ್ರಿ ಇಲ್ಲವೇ ಇಲ್ಲ.

ಹೊತ್ತು ಹಂಚಿಕೊಳ್ಳುವುದು ಇಷ್ಟು ಲೆಕ್ಕಕ್ಕೆ ಸಿಗುವುದಿಲ್ಲ. ಬೆಳಿಗ್ಗೆ ಶಾಲೆಯ ಹೊತ್ತಿಗೆ ಮನೆಯಲ್ಲೂ ಗಡಿಬಿಡಿ, ನೋಟ್‌ಬುಕ್ಕು ಮಾರುವ ಅಂಗಡಿಯಲ್ಲೂ ಅದೇ ಹೊತ್ತಿಗೆ ಗಿರಾಕಿ. ಹಾಗಾಗಿ ಚೀಲ, ಬಟ್ಟೆ, ನೀರಿನ ಬಾಟಲಿ ಹಿಂದಿನ ರಾತ್ರಿಯೇ ಸಿದ್ಧ. ಅಂಗಡಿ ಗುಡಿಸಿ ಒರೆಸುವುದು ಗಿರಾಕಿ ಕಡಿಮೆಯಾದ ಮಧ್ಯಾಹ್ನಕ್ಕೆ. ಸರದಿ ಬದಲಾಗುವಾಗ ಇಬ್ಬರೂ ನಿಂತು ಗಲ್ಲಾ ಎಣಿಸುತ್ತೇವೆ, ಐದು ನಿಮಿಷದ ಕೆಲಸ. ಅನುಮಾನಕ್ಕಲ್ಲ, ರಾತ್ರಿ ವ್ಯತ್ಯಾಸ ಬಂದಾಗ ಹುಡುಕಬೇಕಾದ್ದು ಇಡೀ ದಿನವಲ್ಲ, ಅರ್ಧ ದಿನ ಎಂದಾಗಲಿ ಎಂದು. ಹೇಳಬೇಕಾದ ಮಾತು ಬಾಯಲ್ಲಲ್ಲ, ಚೀಟಿಯಲ್ಲಿ: ಯಾರು ಏನು ಕೇಳಿ ಹೋದರು, ಯಾರು ಚಿಲ್ಲರೆ ಬಾಕಿ ಬಿಟ್ಟರು, ಯಾವ ಸರಕು ಬರುವುದಿದೆ.

ಊಟ ಅಂಗಡಿಯಲ್ಲೇ ಮುಗಿಸುವ ಅಭ್ಯಾಸ ಮೊದಲಿಗೆ ಸಲೀಸು ಅನಿಸಿದರೂ ಅದು ಸಲ್ಲದು. ತಟ್ಟೆ ಬಿಟ್ಟು ಏಳುವುದು, ಎಂಜಲು ಕೈಯಲ್ಲಿ ನೋಟು ಎಣಿಸುವುದು, ಕಡೆಗೆ ಹೊಟ್ಟೆ ಕೆಟ್ಟು ಒಬ್ಬರು ಮಲಗುವುದು. ಒಬ್ಬರು ಮಲಗಿದರೆ ಉಳಿದವರ ಸರದಿಯೆಲ್ಲ ಏರುಪೇರಾಗುತ್ತದೆ. ವಾರದಲ್ಲಿ ಅರ್ಧ ದಿನ ಬಾಗಿಲು ಹಾಕುವುದನ್ನು ಮೊದಲ ವಾರದಿಂದಲೇ ಬೋರ್ಡಿನಲ್ಲಿ ಬರೆದುಬಿಡಿ. ಆಮೇಲೆ ಶುರುಮಾಡಿದರೆ ಗಿರಾಕಿಗೆ ಸಿಟ್ಟು, ಮೊದಲಿಂದಲೂ ಇದ್ದರೆ ಅಭ್ಯಾಸ. ಮೊದಲಿಗೆ ಯಾವುದೋ ಒಂದು ಅರ್ಧ ದಿನ ಇರಲಿ, ಆದರೆ ಅದೇ ಸರಿ ಎಂದು ಊಹೆಯ ಮೇಲೆ ಬಿಡಬೇಡಿ. ಮೊದಲ ನಾಲ್ಕು ವಾರದ ಪುಸ್ತಕ ತೆಗೆದು, ಯಾವ ದಿನ, ಯಾವ ಹೊತ್ತು ವ್ಯಾಪಾರ ಎಲ್ಲಕ್ಕಿಂತ ಕಡಿಮೆ ಎಂದು ಕೂಡಿಸಿ ನೋಡಿ. ಅದು ಬೇರೆಯಾಗಿ ಕಂಡುಬಂದರೆ ಐದನೆಯ ವಾರ ಬೋರ್ಡಿನ ದಿನವನ್ನು ಒಮ್ಮೆ ಬದಲಿಸಿ. ಆ ಬಿಡುವಿನಲ್ಲೂ ಮೊದಲ ಅರ್ಧ ಗಂಟೆ ಒಂದೇ ಒಂದು ರ‍್ಯಾಕು ಎಣಿಸಿ ಪುಸ್ತಕಕ್ಕೆ ತಾಳೆ ನೋಡುತ್ತೇವೆ. ಎಂಟು ರ‍್ಯಾಕಿದ್ದರೆ ಎಂಟು ವಾರಕ್ಕೆ ಅಂಗಡಿಯೆಲ್ಲ ಎಣಿಸಿದಂತಾಗುತ್ತದೆ, ವರ್ಷಕ್ಕೊಮ್ಮೆ ಬಾಗಿಲು ಹಾಕಿ ರಾತ್ರಿಯೆಲ್ಲ ಕೂರುವುದು ತಪ್ಪುತ್ತದೆ.